ಸಾಯಲು ಒಪ್ಪದ ಕೋಶ ಮತ್ತು ಲಕ್ಷ್ಮಣಫಲದ ಎಲೆ

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮುಟ್ಟು ನಿಂತು ನಾಲ್ಕು ವರ್ಷವಾಗಿದೆ. ಮೂರು ತಿಂಗಳ ಹಿಂದೆ ಎಡ ಸ್ತನದ ಗಡ್ಡೆಗೆ ಆಪರೇಷನ್ ಆಯಿತು. ಗಡ್ಡೆ 2.8 ಸೆಂ.ಮೀ., ಕಂಕುಳಿನ ನಾಲ್ಕು ಗ್ರಂಥಿಗಳಿಗೂ ಹರಡಿತ್ತು. ರಿಪೋರ್ಟಿನಲ್ಲಿ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು) ಪಾಸಿಟಿವ್, ಹರ್-2 (ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಪ್ರೋಟೀನ್) ನೆಗೆಟಿವ್, ಕೆಐ-67 (ಒಡೆಯುತ್ತಿರುವ ಕೋಶಗಳ ಪ್ರಮಾಣ) ಶೇ 30 ಎಂದಿದೆ. ನಾಲ್ಕು ಕೆಂಪು ಕಿಮೋ, ಆಮೇಲೆ ವಾರಕ್ಕೊಂದರಂತೆ 12 ಪ್ಯಾಕ್ಲಿಟ್ಯಾಕ್ಸೆಲ್, ನಂತರ ರೇಡಿಯೇಷನ್, ಕೊನೆಗೆ ವರ್ಷಗಟ್ಟಲೆ ಮಾತ್ರೆ ಎಂದು ಡಾಕ್ಟರ್ ಹೇಳಿದ್ದಾರೆ. ಎರಡು ಕೆಂಪು ಕಿಮೋ ಮುಗಿದಿದೆ. ಕೂದಲು ಪೂರ್ತಿ ಹೋಯಿತು, ಬಾಯಿ ತುಂಬ ಹುಣ್ಣು, ಅನ್ನದ ವಾಸನೆ ಬಂದರೂ ವಾಂತಿ. ನಮ್ಮ ದೊಡ್ಡಮ್ಮ ಲಕ್ಷ್ಮಣಫಲದ ಎಲೆ ಕುದಿಸಿ ಕಷಾಯ ಕೊಡಲು ಶುರು ಮಾಡಿದ್ದಾರೆ. ಅದು ಸ್ತನ ಕ್ಯಾನ್ಸರಿನ ಕೋಶಗಳು ‘ತಾವಾಗಿಯೇ ಆತ್ಮಹತ್ಯೆ ಮಾಡಿಕೊಳ್ಳುವಂತೆ’ ಮಾಡುತ್ತದೆ, ಲ್ಯಾಬಿನಲ್ಲಿ ಸಾಬೀತಾಗಿದೆ ಎಂಬ ವಾಟ್ಸಾಪ್ ಮೆಸೇಜ್ ಮನೆಯವರೆಲ್ಲರ ಫೋನಿನಲ್ಲಿದೆ. ಮೂರು ದಿನ ಉಪವಾಸ ಮಾಡಿದರೆ ಕ್ಯಾನ್ಸರ್ ಕೋಶ ತನ್ನನ್ನೇ ತಿಂದು ಸಾಯುತ್ತದೆ, ಅದಕ್ಕೆ ನೊಬೆಲ್ ಬಂದಿದೆ ಎಂದು ಇನ್ನೊಂದು ಮೆಸೇಜ್. ಕಿಮೋ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತದೆ. ಮುಂದೆ ಕೊಡುವ ಮಾತ್ರೆ ಕೊಲ್ಲುವುದೇ ಇಲ್ಲ, ಮಲಗಿಸುತ್ತದೆ ಅಷ್ಟೆ ಎಂದು ನಾನೇ ಓದಿದೆ. ಹಾಗಿದ್ದರೆ ಕಿಮೋ ಇಲ್ಲಿಗೇ ನಿಲ್ಲಿಸಬಹುದೇ? ನಾನು ಡಿಗ್ರಿಯಲ್ಲಿ ಬಯಾಲಜಿ ಓದಿದವಳು, ಸ್ವಲ್ಪ ವಿವರವಾಗಿಯೇ ಹೇಳಿ.
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ಕಷಾಯ ಇವತ್ತೇ ನಿಲ್ಲಿಸಿ. ಕಿಮೋ ನಿಲ್ಲಿಸಬೇಡಿ. ಆದರೆ ಮೂರನೇ ಕಿಮೋ ಹಿಂದಿನ ಎರಡರ ಹಾಗೆಯೇ ಇರಬೇಕೆಂದೇನೂ ಇಲ್ಲ. ಬಾಯಿಹುಣ್ಣು, ವಾಂತಿ ಎರಡಕ್ಕೂ ಮಾಡಬಹುದಾದದ್ದು ಸಾಕಷ್ಟಿದೆ, ಮತ್ತು ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ನಿಮ್ಮ ಪತ್ರದ ತುಂಬ ಕೋಶ, ಲ್ಯಾಬು, ನೊಬೆಲ್ ಇದ್ದರೂ ಕೆಳಗೆ ಇರುವ ಮಾತು ಒಂದೇ ಅನ್ನಿಸಿತು: ಅಮ್ಮ ಹೀಗೆ ನರಳುವುದನ್ನು ನೋಡಲಾಗುತ್ತಿಲ್ಲ, ಇದಕ್ಕಿಂತ ಮೆತ್ತಗಿನ ದಾರಿ ಇದೆಯೇ?

ಮೆಸೇಜಿನಲ್ಲಿ ಒಂದು ಸಂಗತಿ ನಿಜ. ಕೋಶಕ್ಕೆ ತಾನಾಗಿ ಸಾಯುವ ಏರ್ಪಾಡು ಇದೆ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲವನ್ನು ಯಾರೂ ಕತ್ತರಿಸುವುದಿಲ್ಲ, ಬಾಲದ ಕೋಶಗಳು ತಾವೇ ಕರಗುತ್ತವೆ. ಬಸುರಿನಲ್ಲಿ ಮಗುವಿನ ಕೈ ಮೊದಲು ಬಾತುಕೋಳಿಯ ಪಾದದಂತಿದ್ದು, ಬೆರಳ ಸಂದಿನ ಕೋಶಗಳು ಸತ್ತ ಮೇಲೆ ಐದು ಬೆರಳಾಗುತ್ತದೆ. ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉದಾಹರಣೆ ಎಂದರೆ ಸ್ತನವೇ. ಮಗುವಿಗೆ ಹಾಲು ಬಿಡಿಸಿದ ಕೆಲವು ದಿನ ಎದೆ ಕಟ್ಟಿಕೊಂಡು ನೋಯುತ್ತದೆ, ಆಮೇಲೆ ಮೆತ್ತಗಾಗುತ್ತದೆ. ಆ ದಿನಗಳಲ್ಲಿ ಒಳಗೆ ಹಾಲು ಉತ್ಪಾದಿಸುತ್ತಿದ್ದ ಕೋಶಗಳು ರಾಶಿರಾಶಿಯಾಗಿ ಸಾಯುತ್ತಿರುತ್ತವೆ. ಇಲಿಗಳಲ್ಲಿ ಈ ಕೆಲಸದ ಬಹುಪಾಲು ಹತ್ತು ದಿನದೊಳಗೆ ಮುಗಿದುಹೋಗುತ್ತದೆ. ಅಂದರೆ ಸ್ತನದ ಕೋಶಕ್ಕೆ ಸಾಯುವುದು ಚೆನ್ನಾಗಿ ಗೊತ್ತು. ಕ್ಯಾನ್ಸರ್ ಆದಾಗ ಅದು ಈ ವಿದ್ಯೆಯನ್ನು ಮರೆಯುವುದಿಲ್ಲ, ಒಪ್ಪದೆ ಕೂರುತ್ತದೆ.

1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವಿಲ್ಲಿ, ಅಲಸ್ಟೇರ್ ಕರಿ ಎಂಬ ಮೂವರು ಈ ಬಗೆಯ ಸಾವಿಗೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದು ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಇರುವ ಪದ. ‘ಆತ್ಮಹತ್ಯೆ’ ಎನ್ನುವುದಕ್ಕಿಂತ ‘ಉದುರುವುದು’ ಎನ್ನುವುದೇ ನನಗೆ ಸರಿ ಅನ್ನಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕೋಶ ಮೊದಲು ಕುಗ್ಗಿ ಪಕ್ಕದವರ ಕೈಬಿಡುತ್ತದೆ. ಆಮೇಲೆ ಗಂಜಿ ಕುದಿಯುವಾಗ ಏಳುವ ಗುಳ್ಳೆಗಳ ಹಾಗೆ ಅದರ ಪೊರೆ ಅಲ್ಲಲ್ಲಿ ಉಬ್ಬುತ್ತದೆ. ಕೊನೆಗೆ ಪುಟ್ಟ ಪೊಟ್ಟಣಗಳಾಗಿ ಒಡೆಯುತ್ತದೆ, ಸುತ್ತಲಿನ ಕೋಶಗಳು ಅವನ್ನು ನುಂಗಿಬಿಡುತ್ತವೆ. ಊತವಿಲ್ಲ, ಕೀವಿಲ್ಲ, ಗಲಾಟೆಯೇ ಇಲ್ಲ.

ಒಳಗೆ ನಡೆಯುವುದು ಹಗ್ಗಜಗ್ಗಾಟ. ಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯದ ಗೋಡೆಯ ಮೇಲೆ ಪ್ರೋಟೀನುಗಳ ಎರಡು ಬಣ. ಬಿಸಿಎಲ್-2, ಎಂಸಿಎಲ್-1 ಮುಂತಾದವು ಗೋಡೆ ಕಾಯುತ್ತವೆ. ಬ್ಯಾಕ್ಸ್, ಬ್ಯಾಕ್ ಎಂಬವು ಗೋಡೆಗೆ ತೂತು ಕೊರೆಯಲು ಕಾದಿರುತ್ತವೆ. ಡಿಎನ್‌ಎ ಕೆಟ್ಟರೆ ಪಿ53 ಎಂಬ ಪ್ರೋಟೀನ್ ಮೊದಲು ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಿದ್ದರೆ ಪ್ಯೂಮಾ, ನಾಕ್ಸಾ ಎಂಬ ಆಳುಗಳನ್ನು ಕಳಿಸಿ ಕಾವಲುಗಾರರ ಕೈ ಹಿಡಿಸುತ್ತದೆ. ಗೋಡೆಗೆ ತೂತು ಬಿದ್ದೊಡನೆ ಸೈಟೊಕ್ರೋಮ್-ಸಿ ಹೊರಗೆ ಸೋರುತ್ತದೆ. ಇದೊಂದು ವಿಚಿತ್ರ ವಸ್ತು: ಗೋಡೆಯ ಒಳಗಿದ್ದಾಗ ನಾವು ಉಸಿರಾಡಿದ ಆಮ್ಲಜನಕದಿಂದ ಶಕ್ತಿ ಪಡೆಯುವ ಕೆಲಸಕ್ಕೆ ಬೇಕೇ ಬೇಕು, ಹೊರಗೆ ಬಂದರೆ ಅದೇ ಸಾವಿನ ಓಲೆ. ಅದು ಕ್ಯಾಸ್ಪೇಸ್-9 ಎಂಬ, ಪ್ರೋಟೀನ್ ಕತ್ತರಿಸುವ ಎನ್‌ಜೈಮನ್ನು ಎಬ್ಬಿಸುತ್ತದೆ, ಕ್ಯಾಸ್ಪೇಸ್-9 ಹೋಗಿ ಕ್ಯಾಸ್ಪೇಸ್-3 ಅನ್ನು ಎಬ್ಬಿಸುತ್ತದೆ. ಕ್ಯಾಸ್ಪೇಸ್-3 ಕತ್ತರಿ. ಅದು ಓಡಾಡಲು ಶುರುವಾದ ಮೇಲೆ ಕೋಶ ಹಿಂದಕ್ಕೆ ಬರುವುದು ಅಪರೂಪ.

ನಿಮ್ಮ ಅಮ್ಮನ ರಿಪೋರ್ಟನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಇಆರ್ ಪಾಸಿಟಿವ್ ಎಂದರೆ ಆ ಕೋಶಗಳು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಮಾತು ಕೇಳುತ್ತವೆ ಎಂದರ್ಥ. ಈಸ್ಟ್ರೋಜೆನ್ ಎರಡು ಮಾತು ಹೇಳುತ್ತದೆ: ಒಡೆದು ಎರಡಾಗು ಎಂಬುದು ಒಂದು, ಬದುಕಿರು ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವುದು ಬಿಸಿಎಲ್-2 ಪ್ರೋಟೀನನ್ನು ಹೆಚ್ಚಿಸುವ ಮೂಲಕ. ಜೊತೆಗೆ ಈ ಬಗೆಯ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 40ರಲ್ಲಿ ಪಿಐಕೆ3ಸಿಎ ಎಂಬ ಜೀನ್ ಕೆಟ್ಟಿರುತ್ತದೆ, ಅದೂ ಕಾವಲುಗಾರರ ಬಣಕ್ಕೇ ಬಲ ಕೊಡುತ್ತದೆ. ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಆಗಿರುವ ಬಗೆಯಲ್ಲಿ ಕಥೆ ಬೇರೆ. ಅಲ್ಲಿ ಹೆಚ್ಚಿನವರಲ್ಲಿ ಪಿ53 ಕೈಕೊಟ್ಟಿರುತ್ತದೆ. ಹಾಗಾಗಿ ‘ಸ್ತನ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಸ್ತನ ಕ್ಯಾನ್ಸರ್?

ಲಕ್ಷ್ಮಣಫಲಕ್ಕೆ ಬರೋಣ. ಆ ಎಲೆಯ ಸಾರ ಲ್ಯಾಬಿನಲ್ಲಿ ಸ್ತನ ಕ್ಯಾನ್ಸರಿನ ಕೋಶಗಳನ್ನು ಸಾಯಿಸಿದ್ದು ಸುಳ್ಳಲ್ಲ. ಇಂಥ ಪ್ರಯೋಗ ಹೆಚ್ಚಾಗಿ ನಡೆಯುವುದು ಎಂಸಿಎಫ್-7 ಎಂಬ ಕೋಶಗಳ ಮೇಲೆ. ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಗೂಡಿನ ನೀರಿನಿಂದ ತೆಗೆದು 1973ರಲ್ಲಿ ಪ್ರಕಟಿಸಿದ ಕೋಶವಂಶ ಅದು. ಅಂದಿನಿಂದ ಜಗತ್ತಿನ ಲ್ಯಾಬುಗಳಲ್ಲಿ ತಟ್ಟೆಯಿಂದ ತಟ್ಟೆಗೆ ಬೆಳೆಯುತ್ತಲೇ ಇದೆ. ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ತಟ್ಟೆಯ ತಳಕ್ಕೆ ಅಂಟಿಕೊಂಡಿರುತ್ತವೆ. ವಿಷ ಬಿದ್ದರೆ ದುಂಡಗಾಗಿ, ತಳ ಬಿಟ್ಟು ತೇಲುತ್ತವೆ. ತಮಾಷೆ ನೋಡಿ, ಈ ಕೋಶಗಳಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ, ಅದರ ಜೀನಿನ ಒಂದು ತುಂಡೇ ಕಳೆದುಹೋಗಿದೆ. ಸಾಯುವಾಗ ಬೇರೆ ಕ್ಯಾಸ್ಪೇಸ್‌ಗಳನ್ನು ನೆಚ್ಚಿಕೊಳ್ಳುತ್ತವೆ. ನಿಮ್ಮ ಅಮ್ಮನ ಗಡ್ಡೆಗೂ ಆ ತಟ್ಟೆಗೂ ಇರುವ ದೂರ ಇದರಿಂದಲೇ ತಿಳಿಯುತ್ತದೆ.

ಆದರೆ ನಿಜವಾದ ತೊಡಕು ಅಳತೆಯದು. ತಟ್ಟೆಯಲ್ಲಿ ಕೋಶ ಕೊಲ್ಲುವುದು ಕಷ್ಟವಲ್ಲ, ಉಪ್ಪುನೀರು ಹೆಚ್ಚು ಹಾಕಿದರೂ ಸಾಯುತ್ತವೆ. ನಮ್ಮ ಮನೆಯದೇ ಪದಾರ್ಥ ಅರಿಶಿನದ ಲೆಕ್ಕ ಹಾಕೋಣ. ಅದರ ಕರ್ಕ್ಯುಮಿನ್ ತಟ್ಟೆಯಲ್ಲಿ ಕೋಶ ಕೊಲ್ಲಲು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ದಟ್ಟ ಎಂಬ ಅಳತೆ) ಬೇಕು. ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಸರಾಸರಿ ಮೇಲ್ಮಟ್ಟ 2 ಮೈಕ್ರೋಮೋಲಾರ್ ಕೂಡ ದಾಟಲಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಅಂದರೆ ಆ 8 ಗ್ರಾಂಗೆ ದಿನಕ್ಕೆ ಕಾಲು ಕೆಜಿಗೂ ಹೆಚ್ಚು ಅರಿಶಿನ ತಿನ್ನಬೇಕು, ತಿಂದರೂ ಗುರಿ ಮುಟ್ಟುವುದಿಲ್ಲ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ನನ್ನ ತಕರಾರಿಲ್ಲ. ಕರಿಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ ಮಾತ್ರೆಗಳಿಗೆ ಇದೆ. ಅವುಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಲಕ್ಷ್ಮಣಫಲದಲ್ಲಿ ಕೊಲ್ಲುವ ವಸ್ತು ಅನೋನಾಸಿನ್ ಮತ್ತು ಅದರ ದಾಯಾದಿಗಳು. ಅವು ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯ ಮೊದಲ ಮೆಟ್ಟಿಲನ್ನೇ ಮುಚ್ಚುತ್ತವೆ. ಮೈಟೊಕಾಂಡ್ರಿಯ ಇರುವುದು ಕ್ಯಾನ್ಸರ್ ಕೋಶದಲ್ಲಿ ಮಾತ್ರವಲ್ಲವಲ್ಲ. ಅತಿ ಹೆಚ್ಚು ಶಕ್ತಿ ಉರಿಸುವ ನರಕೋಶ ಇದರ ಪೆಟ್ಟಿಗೆ ಮೊದಲು ಸಿಗುತ್ತದೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಚಹ ದಿನನಿತ್ಯದ ಬಳಕೆ. ಔಷಧಿಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನ್ ಅಲ್ಲಿ ವಿಪರೀತ ಎಂದೂ, ಅದಕ್ಕೂ ಈ ಬಳಕೆಗೂ ನಂಟಿರಬಹುದೆಂದೂ 1999ರಲ್ಲಿ ವೈದ್ಯರು ಬರೆದರು. ಅನೋನಾಸಿನ್ ಕೊಟ್ಟ ಇಲಿಗಳ ಮಿದುಳಿನಲ್ಲೂ ನರಕೋಶಗಳು ಸತ್ತವು. ಕಾರಣ ಇದೊಂದೇ ಎಂದು ತೀರ್ಮಾನವಾಗಿಲ್ಲ, ಹಾಗೆಯೇ ಅಪರೂಪಕ್ಕೆ ಒಂದು ಹಣ್ಣು ತಿಂದರೆ ಏನೂ ಆಗುವುದಿಲ್ಲ. ದಿನಾ ಎರಡು ಲೋಟ ಎಲೆಯ ಕಷಾಯ ಬೇರೆ ವಿಷಯ. ಅದರಲ್ಲೂ ನಿಮ್ಮ ಅಮ್ಮನಿಗೆ ಮುಂದೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲೇ ಕೈಕಾಲಿನ ನರಗಳಿಗೆ ಜೋಮು ತರುವ ಔಷಧಿ. ನನ್ನ ಹೊರರೋಗಿ ವಿಭಾಗದಲ್ಲಿ ಇದಕ್ಕಿಂತ ಸಾಮಾನ್ಯವಾಗಿ ಕಾಣುವುದು ಇನ್ನೂ ಸರಳ ತೊಂದರೆ: ಯಾವುದೋ ಕಷಾಯ ಕುಡಿದು ಲಿವರ್ ಎನ್‌ಜೈಮ್ ಏರಿ, ಕಿಮೋ ಎರಡು ಮೂರು ವಾರ ಮುಂದಕ್ಕೆ ಹೋಗುವುದು. ಕಾರಣ ಗೊತ್ತಾಗುವುದು ಕೊನೆಗೆ, ಸೊಸೆಯೋ ಮಗಳೋ ಬಾಗಿಲಾಚೆ ನಿಂತು ಮೆಲ್ಲಗೆ ಹೇಳಿದಾಗ.

ಉಪವಾಸದ ಮೆಸೇಜು ಇನ್ನೂ ಜಾಣತನದ್ದು. 2016ರ ನೊಬೆಲ್ ಜಪಾನಿನ ಯೋಶಿನೋರಿ ಓಸುಮಿಯವರಿಗೆ ಬಂದದ್ದು ನಿಜ. ಯೀಸ್ಟ್ ಕೋಶಗಳಲ್ಲಿ ಅವರು ವಿವರಿಸಿದ್ದು ಆಟೋಫೇಜಿ, ಅಂದರೆ ಕೋಶ ತನ್ನ ಹಳೇ ಸಾಮಾನನ್ನು ತಾನೇ ಒಡೆದು ಮರುಬಳಕೆ ಮಾಡುವುದು. ಬಡತನ ಬಂದಾಗ ಮನೆಯ ಹಳೇ ಪಾತ್ರೆ ಮಾರಿ ಅಕ್ಕಿ ತಂದ ಹಾಗೆ. ಅದು ಮೂಲತಃ ಬದುಕುವ ಉಪಾಯ, ಸಾಯುವುದಲ್ಲ. ಬೆಳೆದ ಗಡ್ಡೆಯ ಕೋಶಗಳು ಕಿಮೋದ ಏಟು ತಡೆದುಕೊಳ್ಳಲು ಇದೇ ಉಪಾಯ ಬಳಸಬಲ್ಲವು. ಉಪವಾಸ-ಕಿಮೋ ಕುರಿತ ಪ್ರಯೋಗಗಳೂ ನಡೆದಿವೆ. ನೆದರ್ಲೆಂಡ್ಸ್‌ನಲ್ಲಿ ಹರ್-2 ನೆಗೆಟಿವ್ ಸ್ತನ ಕ್ಯಾನ್ಸರಿನ 131 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಕಿಮೋ ಆಸುಪಾಸಿನ ದಿನಗಳಲ್ಲಿ ಉಪವಾಸದಂಥ ಆಹಾರ ಕೊಟ್ಟರು. ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿದ್ದು ಸ್ವಲ್ಪ ಹೆಚ್ಚೆಂದು ಕಂಡಿತು, ಆದರೆ ಗಡ್ಡೆ ಪೂರ್ತಿ ಮಾಯವಾದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ, ಅಡ್ಡಪರಿಣಾಮವೂ ಇಳಿಯಲಿಲ್ಲ. ಹೆಚ್ಚಿನವರಿಗೆ ಆ ಪಥ್ಯ ಕೊನೆಯವರೆಗೆ ಮಾಡಲಾಗಲಿಲ್ಲ. ಊಟವೇ ಸೇರದ ನಿಮ್ಮ ಅಮ್ಮನಿಗೆ ಮೂರು ದಿನದ ಉಪವಾಸ ಹೇಳುವವರನ್ನು ಮನೆಯೊಳಗೆ ಬಿಡಬೇಡಿ.

ಈಗ ಕಿಮೋ. ಕೆಂಪು ಔಷಧಿಯ ಹೆಸರು ಡಾಕ್ಸೊರುಬಿಸಿನ್. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು, ಆ ಕೆಂಪು ಅದರದೇ ಬಣ್ಣ. ಕೋಶ ಒಡೆಯುವ ಮುನ್ನ ಡಿಎನ್‌ಎಯ ಸಿಕ್ಕು ಬಿಡಿಸುವ ಎನ್‌ಜೈಮ್ ಒಂದಿದೆ. ಔಷಧಿ ಅದನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸುತ್ತದೆ, ಡಿಎನ್‌ಎ ತುಂಡಾಗಿಯೇ ಉಳಿಯುತ್ತದೆ. ಆಗ ಮೇಲೆ ಹೇಳಿದ ಹಗ್ಗಜಗ್ಗಾಟ ಶುರು. ಪ್ಯಾಕ್ಲಿಟ್ಯಾಕ್ಸೆಲ್ ಕೋಶ ಎರಡಾಗುವ ನಡುವೆಯೇ ಅದನ್ನು ಕಟ್ಟಿಹಾಕುತ್ತದೆ. ಹೆಚ್ಚು ಹೊತ್ತು ಹಾಗೆ ನಿಂತರೆ ಎಂಸಿಎಲ್-1 ಎಂಬ ಕಾವಲುಗಾರ ಕರಗುತ್ತಾನೆ, ಗೋಡೆ ಬೀಳುತ್ತದೆ. ಅಂದರೆ ದೊಡ್ಡಮ್ಮ ಕಷಾಯದಿಂದ ಬಯಸುತ್ತಿರುವ ‘ಆತ್ಮಹತ್ಯೆ’ಯನ್ನೇ ಡ್ರಿಪ್‌ನಲ್ಲಿ ಇಳಿಯುತ್ತಿರುವ ಔಷಧಿ ಮಾಡಿಸುತ್ತಿದೆ, ರಕ್ತದಲ್ಲಿ ಎಷ್ಟು ಇರಬೇಕೋ ಅಷ್ಟು ಇದ್ದು.

ಒಳ್ಳೆಯ ಕೋಶಗಳೂ ಸಾಯುತ್ತವೆ ಎಂಬುದು ಸರಿಯೇ. ಕೂದಲಿನ ಬೇರು, ಬಾಯಿಯ ಒಳಪದರ, ಮೂಳೆಮಜ್ಜೆ ಬೇಗಬೇಗ ಒಡೆಯುವ ಜಾಗಗಳು, ಅಲ್ಲಿ ಪಿ53 ಚುರುಕು. ನಿಮ್ಮ ಅಮ್ಮನ ಬಾಯಿಹುಣ್ಣು ಎಂದರೆ ಅಲ್ಲಿಯ ಕೋಶಗಳು ನಿಯಮ ಪಾಲಿಸಿ ಉದುರಿದ ಗುರುತು. ಅವುಗಳ ಕೆಳಗೆ ಕಾಂಡಕೋಶಗಳ ದಾಸ್ತಾನು ಇರುತ್ತದೆ, ಹೊಸ ಪದರ ಬರುತ್ತದೆ. ಮೂರು ವಾರಕ್ಕೊಮ್ಮೆ ಕಿಮೋ ಕೊಡುವುದೇ ಆ ಬಿಡುವಿಗಾಗಿ.

ಇಲ್ಲಿ ಒಂದು ತಿರುವು ಹೇಳಲೇಬೇಕು, ನೀವು ಬಯಾಲಜಿ ಓದಿದವರಾದ್ದರಿಂದ. ಪಿ53 ಸರಿಯಿದ್ದ ಗಡ್ಡೆಗೆ ಕಿಮೋ ಚೆನ್ನಾಗಿ ಕೆಲಸ ಮಾಡಬೇಕಲ್ಲ? ಸ್ತನದಲ್ಲಿ ಹಲವು ಬಾರಿ ಉಲ್ಟಾ. ಪಿ53 ಕೋಶವನ್ನು ಸಾಯಿಸುವ ಬದಲು ಒಡೆಯುವುದನ್ನು ನಿಲ್ಲಿಸಿ ಮುದಿತನಕ್ಕೆ ತಳ್ಳಿಬಿಡುತ್ತದೆ. 2012ರಲ್ಲಿ ಇಲಿಗಳ ಸ್ತನದ ಗಡ್ಡೆಗಳಲ್ಲಿ ಇದೇ ಕೆಂಪು ಔಷಧಿ ಕೊಟ್ಟು ಇದನ್ನು ತೋರಿಸಿದರು. ಹಾರ್ಮೋನ್ ಪಾಸಿಟಿವ್ ಗಡ್ಡೆ ಕಿಮೋಗೆ ಪೂರ್ತಿ ಕರಗುವುದು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಅದಕ್ಕೇ ನಿಮ್ಮ ಅಮ್ಮನಿಗೆ ಕಿಮೋ ಒಂದೇ ಸಾಲದು, ಮಾತ್ರೆಯೂ ಬೇಕು.

ಹಾಗಾದರೆ ಕಿಮೋ ಅರ್ಧಕ್ಕೆ ಬಿಟ್ಟು ಮಾತ್ರೆಗೆ ಹೋದರೆ? ನಾಲ್ಕು ಗ್ರಂಥಿಗಳಲ್ಲಿ ರೋಗ ಸಿಕ್ಕಿರುವಾಗ ಆ ಜೂಜು ನಾನು ಆಡುವುದಿಲ್ಲ. ಇಟಲಿಯ ಮಿಲಾನಿನಲ್ಲಿ ಸಿಎಂಎಫ್ ಎಂಬ ಮೂರು ಔಷಧಿಗಳ ಹಳೆಯ ಕಿಮೋ ಪಡೆದವರನ್ನು 20 ವರ್ಷ ಗಮನಿಸಿದ ಲೆಕ್ಕ 1995ರಲ್ಲಿ ಬಂತು. ಯೋಜಿಸಿದ ಡೋಸಿನ ಶೇ 85ಕ್ಕೆ ಕಡಿಮೆಯಾಗದಂತೆ ಪಡೆದವರಿಗೆ ಸ್ಪಷ್ಟ ಲಾಭ, ಶೇ 65ಕ್ಕಿಂತ ಕಡಿಮೆ ಪಡೆದವರಿಗೆ ಕಿಮೋ ಪಡೆಯದವರಿಗಿಂತ ಹೆಚ್ಚೇನೂ ಸಿಗಲಿಲ್ಲ. ಔಷಧಿ ಬೇರೆಯಾದರೂ ಪಾಠ ಅನ್ವಯಿಸುತ್ತದೆ. ಅರೆಬರೆ ಏಟು ತಿಂದ ಕೋಶ ಕಾವಲುಗಾರರನ್ನು ಹೆಚ್ಚಿಸಿಕೊಂಡು ಏಳಬಲ್ಲದು.

ಕೇಳಬೇಕಾದದ್ದು ಬೇರೆ ಇದೆ. ವಾಂತಿಗೆ ರಾತ್ರಿ ಕಡಿಮೆ ಡೋಸಿನ ಒಲಾಂಜಪಿನ್ ಸೇರಿಸಬಹುದೇ ಎಂದು ಕೇಳಿ. ಅಂಗಡಿಯವರು ಅದು ಮಾನಸಿಕ ರೋಗದ ಮಾತ್ರೆ ಎಂದರೆ ಗಾಬರಿಯಾಗಬೇಡಿ, ಕಿಮೋ ವಾಂತಿಗೆ ಅದರಷ್ಟು ಕೆಲಸ ಮಾಡುವುದು ಕಡಿಮೆ. ನಿದ್ದೆ ಬರುತ್ತದೆ, ಬೆಳಿಗ್ಗೆ ಏಳುವಾಗ ತಲೆ ತಿರುಗಬಹುದು, ಕೈ ಹಿಡಿದುಕೊಳ್ಳಿ. ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಬಿಳಿ ರಕ್ತಕಣ ಇಳಿದಿದ್ದರೆ ಅದನ್ನು ಏರಿಸುವ ಇಂಜೆಕ್ಷನ್ ಉಂಟು, ಒಂದೆರಡು ದಿನ ಸೊಂಟದ ಮೂಳೆ ನೋಯುತ್ತದೆ. ಹುಣ್ಣು ನೀರು ಕುಡಿಯಲೂ ಬಿಡದಷ್ಟಿದ್ದರೆ ಒಂದು ವಾರ ಮುಂದೂಡುವುದು, ಡೋಸು ಸ್ವಲ್ಪ ಇಳಿಸುವುದು ತಪ್ಪಲ್ಲ. ಅದೂ ಆಗದಿದ್ದರೆ ಕೆಂಪು ಔಷಧಿ ಇಲ್ಲದ, ಡೊಸಿಟ್ಯಾಕ್ಸೆಲ್ ಇರುವ ಕ್ರಮಕ್ಕೆ ಬದಲಾಯಿಸುವ ಬಗ್ಗೆ ನಿಮ್ಮ ಡಾಕ್ಟರ್ ಜೊತೆ ಮಾತಾಡಬಹುದು. ಅದರಲ್ಲಿ ಹೃದಯಕ್ಕೆ ಅಪಾಯ ಕಡಿಮೆ, ಆದರೆ ಇಷ್ಟು ಗ್ರಂಥಿ ಸೇರಿರುವವರಿಗೆ ಈಗಿನ ಕ್ರಮವೇ ತುಸು ಮೇಲು. ವಿಟಮಿನ್ ಸಿ, ಇ ಮುಂತಾದ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ಕಿಮೋ ಮುಗಿಯುವವರೆಗೆ ನೀವಾಗಿ ಕೊಡಬೇಡಿ.

ಮಾತ್ರೆ ಮಲಗಿಸುತ್ತದೆ ಅಷ್ಟೆ ಎಂದು ನೀವು ಓದಿದ್ದು ಬಹುಪಾಲು ಸರಿ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ, ಮೈಯಲ್ಲಿ ಈಸ್ಟ್ರೋಜೆನ್ ತಯಾರಾಗದಂತೆ ತಡೆಯುವ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಕೊಡುತ್ತೇವೆ. ಈಸ್ಟ್ರೋಜೆನ್ ಹೋದ ಮೇಲೆ ಬಿಸಿಎಲ್-2 ಇಳಿಯುತ್ತದೆ, ಒಂದಷ್ಟು ಕೋಶಗಳು ಉದುರುತ್ತವೆ, ಹೆಚ್ಚಿನವು ಒಡೆಯುವುದನ್ನು ನಿಲ್ಲಿಸಿ ಸುಮ್ಮನಿರುತ್ತವೆ. ಈ ಬಗೆಯ ಕ್ಯಾನ್ಸರ್ 20 ವರ್ಷದ ನಂತರವೂ ಮರಳಬಲ್ಲದ್ದು ಅದಕ್ಕೇ. ಆದರೆ ‘ಅಷ್ಟೆ’ ಎನ್ನಬೇಡಿ. ಹಳೆಯ ಹಾರ್ಮೋನ್ ಮಾತ್ರೆ ಟ್ಯಾಮಾಕ್ಸಿಫೆನ್ ಐದು ವರ್ಷ ನುಂಗಿದವರಲ್ಲೇ ಮೊದಲ 15 ವರ್ಷದ ಸ್ತನ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು, ಮುಟ್ಟು ನಿಂತವರಿಗೆ ಹೊಸವು ಅದಕ್ಕಿಂತ ತುಸು ವಾಸಿ. ಕೀಲುನೋವು ಬರುತ್ತದೆ, ಮೂಳೆ ಸವೆಯುತ್ತದೆ, ಶುರು ಮಾಡುವ ಮುನ್ನ ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿ. ನಾಲ್ಕು ಗ್ರಂಥಿ ಇರುವುದರಿಂದ ಅಬೆಮಾಸಿಕ್ಲಿಬ್ ಎಂಬ ಇನ್ನೊಂದು ಮಾತ್ರೆಯ ಮಾತೂ ಬರಬಹುದು. ಅದೂ ಕೋಶವಿಭಜನೆಗೆ ಬ್ರೇಕು. ಭೇದಿ ಹೆಚ್ಚು, ಬೆಲೆಯೂ ಹೆಚ್ಚು. ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಎಂದು ಮೊದಲೇ ವಿಚಾರಿಸಿ.

ಕಾವಲುಗಾರ ಬಿಸಿಎಲ್-2 ಅನ್ನೇ ನೇರ ಹಿಡಿಯುವ ಔಷಧಿ ಇಲ್ಲವೇ ಎಂದು ನೀವು ಮುಂದೆ ಕೇಳುತ್ತೀರಿ. ಇದೆ, ವೆನೆಟೊಕ್ಲಾಕ್ಸ್. ರಕ್ತದ ಕ್ಯಾನ್ಸರಿನಲ್ಲಿ 2016ರಿಂದ ಬಳಕೆಯಲ್ಲಿದೆ, ಅಲ್ಲಿ ಬೆರಗಾಗುವಂತೆ ಕೆಲಸ ಮಾಡುತ್ತದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಈಸ್ಟ್ರೋಜೆನ್‌ನ ಕೆಲಸ ತಡೆಯುವ ಫಲ್ವೆಸ್ಟ್ರಾಂಟ್ ಜೊತೆ ಕೊಟ್ಟು ನೋಡಿದರು, ಲಾಭವಾಗಲಿಲ್ಲ. ಒಬ್ಬ ಕಾವಲುಗಾರನನ್ನು ಹಿಡಿದರೆ ಎಂಸಿಎಲ್-1 ಆ ಜಾಗಕ್ಕೆ ಬಂದು ನಿಲ್ಲಬಲ್ಲದು. ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕೆಟ್ಟು ಕೋಶ ಸಾಯುವ ಫೆರೊಪ್ಟೋಸಿಸ್ ಎಂಬ ಇನ್ನೊಂದು ದಾರಿಗೆ 2012ರಲ್ಲಿ ಹೆಸರಿಟ್ಟರು. ಲ್ಯಾಬಿನಲ್ಲಿ ಅದರ ಕೆಲಸ ಜೋರಾಗಿ ನಡೆದಿದೆ, ನಿಮ್ಮ ಅಮ್ಮನ ಚೀಟಿಗೆ ಇನ್ನೂ ಬಂದಿಲ್ಲ. ‘ಫೆರೊಪ್ಟೋಸಿಸ್ ಟೀ’ ಎಂಬ ಮೆಸೇಜ್ ಬರುವ ದಿನ ದೂರವಿಲ್ಲ ಎಂದು ನನ್ನ ಊಹೆ.

ದೊಡ್ಡಮ್ಮನ ಜೊತೆ ಜಗಳ ಬೇಡ. ತಂಗಿಗಾಗಿ ಏನಾದರೂ ಮಾಡಬೇಕೆಂಬ ತಳಮಳ ಅವರದು, ಕಷಾಯದ ಜಾಗಕ್ಕೆ ಬೇರೆ ಕೆಲಸ ಕೊಡಿ. ಬಾಯಿಹುಣ್ಣು ಇದ್ದವರಿಗೆ ಖಾರ ಹುಳಿ ಇಲ್ಲದೆ, ಬಿಸಿ ಆರಿಸಿ, ಎರಡೆರಡು ಗಂಟೆಗೊಮ್ಮೆ ನಾಲ್ಕು ಚಮಚ ರಾಗಿ ಗಂಜಿಯೋ ಹೆಸರುಬೇಳೆ ಅನ್ನವೋ ತಿನ್ನಿಸುವುದು ಸಣ್ಣ ಕೆಲಸವಲ್ಲ, ಪುರುಸೊತ್ತು ಮತ್ತು ಸಲಿಗೆ ಎರಡೂ ಬೇಕು. ಇಷ್ಟು ದಿನ ಕುಡಿದ ಕಷಾಯದ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಮೂರನೇ ಕಿಮೋಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಲಿವರ್ ಕೂಡ ನೋಡಲಿ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ.